ಕೊಬ್ಬು ಹೀರಬೇಕೆ, ಹೊಟ್ಟೆ ಬಿಗಿಯಬೇಕೆ? — ಎರಡು ಶಸ್ತ್ರಕ್ರಿಯೆಗಳ ಚರಿತ್ರೆ



ಆರೋಗ್ಯ ಕುರಿತ ಮಾತುಕತೆಯನ್ನು ಪರದೆಯ ಮೇಲೆ ತಂದಾಗಲೆಲ್ಲ ಒಂದು ಕೊರತೆ ಉಳಿಯುತ್ತದೆ. ಅರ್ಧ ಗಂಟೆಯ ಅವಧಿಯಲ್ಲಿ ವೈದ್ಯರು ಪ್ರಶ್ನೆಗೆ ಉತ್ತರ ಹೇಳಬಲ್ಲರು. ಆ ಉತ್ತರ ಎಲ್ಲಿಂದ ಬಂತು, ಅದಕ್ಕಾಗಿ ಯಾರು ಏನು ತೆತ್ತರು ಎಂಬುದನ್ನು ಹೇಳಲು ಸಮಯವಿರುವುದಿಲ್ಲ. ಆ ಭಾಗವನ್ನು ಈ ಪುಟಗಳಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಈಗ ಪದೇ ಪದೇ ಕೇಳಿಬರುವ ಒಂದು ಪ್ರಶ್ನೆಯಿದೆ: "ಹೊಟ್ಟೆ ಇಳಿಸಲು ಲೈಪೋಸಕ್ಷನ್ ಮೇಲೋ, ಟಮ್ಮಿ ಟಕ್ ಮೇಲೋ?" ಬೆಂಗಳೂರು, ಹೈದರಾಬಾದಿನವರು ಮಾತ್ರ ಕೇಳುವ ಪ್ರಶ್ನೆ ಇದೆಂದು ನೀವು ಭಾವಿಸಬೇಡಿ. ಯಾದಗಿರಿಯ ಕಾಲೇಜು ಹುಡುಗನ ಕೈಯಲ್ಲಿರುವ ಮೊಬೈಲಿಗೂ, ಶಹಾಪುರದ ಗೃಹಿಣಿಯ ಮೊಬೈಲಿಗೂ, ಸುರಪುರದ ಶಿಕ್ಷಕಿಯ ಮೊಬೈಲಿಗೂ ಒಂದೇ ಜಾಹೀರಾತು ಬರುತ್ತದೆ. ಮೊದಲಿನ ಚಿತ್ರದಲ್ಲಿ ಜೋತುಬಿದ್ದ ಹೊಟ್ಟೆ, ಎರಡನೆಯದರಲ್ಲಿ ಹಲಗೆಯಂತೆ ಸಪಾಟಾದ ಹೊಟ್ಟೆ. ನಡುವೆ ಏನಾಯಿತು ಎಂಬುದನ್ನು ಆ ಜಾಹೀರಾತು ಹೇಳುವುದಿಲ್ಲ. ನಮ್ಮ ಈ ಲೇಖನ ಆ "ನಡುವೆ" ಕುರಿತದ್ದು.

ಮೊದಲು ಹೊಟ್ಟೆಯ ರಚನೆ

ನಿಮ್ಮ ಮನೆಯಲ್ಲಿ, ಇಲ್ಲವೇ ಅಜ್ಜನ ಮನೆಯಲ್ಲಿ, ನುಲಿ ಹೆಣೆದ ಹೊರಸು ನೋಡಿರುತ್ತೀರಿ. ಅದರ ಮೇಲೊಂದು ಹತ್ತಿಯ ಗಾದಿ ಹಾಸಿದೆ, ಗಾದಿಗೆ ಬಟ್ಟೆಯ ಗವಸು ಇದೆ, ಹೊರಸಿನ ಕೆಳಗೆ ಜೋಳದ ಚೀಲಗಳನ್ನು ಇಟ್ಟಿದ್ದಾರೆ ಎಂದುಕೊಳ್ಳಿ. ನಮ್ಮ ಹೊಟ್ಟೆಯ ಗೋಡೆಯನ್ನು ಅರಿಯಲು ಇಷ್ಟು ಸಾಕು.

ಗವಸು ಎಂದರೆ ಚರ್ಮ. ಗಾದಿಯೊಳಗಿನ ಹತ್ತಿ ಎಂದರೆ ಚರ್ಮದ ಕೆಳಗಿನ ಕೊಬ್ಬು. ನೀವು ಎರಡು ಬೆರಳಲ್ಲಿ ಹಿಡಿಯಬಹುದಾದದ್ದು ಇದೇ. ನುಲಿ ಎಂದರೆ ಸ್ನಾಯುಗಳು. ಹೊಟ್ಟೆಯ ನಡುವೆ ಮೇಲಿಂದ ಕೆಳಕ್ಕೆ ಎರಡು ನೇರ ಸ್ನಾಯುಗಳ ಪಟ್ಟಿಗಳಿದ್ದು, ಅವುಗಳನ್ನು ಒಂದು ಬಿಳಿಯ ನಾರಿನ ಪಟ್ಟಿ ಜೋಡಿಸುತ್ತದೆ. ಗರ್ಭ ಬೆಳೆಯುವಾಗ ಈ ನಾರಿನ ಪಟ್ಟಿ ಹಿಗ್ಗಿ ಸ್ನಾಯುಗಳು ದೂರ ಸರಿಯುತ್ತವೆ. ಹೆರಿಗೆಯ ನಂತರ ಅನೇಕರಲ್ಲಿ ಅವು ಮತ್ತೆ ಹತ್ತಿರ ಬರುತ್ತವೆ, ಕೆಲವರಲ್ಲಿ ಬರುವುದಿಲ್ಲ. ನುಲಿ ಸಡಿಲವಾದ ಹೊರಸಿನಂತೆ ಹೊಟ್ಟೆ ಜೋಲುತ್ತದೆ. ಹೊರಸಿನ ಕೆಳಗಿನ ಚೀಲಗಳೆಂದರೆ ಕರುಳು, ಯಕೃತ್ತು ಮೊದಲಾದ ಅಂಗಗಳ ಸುತ್ತ ಸೇರುವ ಒಳಗೊಬ್ಬು. ಇದು ಕೈಗೆ ಸಿಗುವುದಿಲ್ಲ. ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ಹೆಚ್ಚು ನಂಟಿರುವುದು ಇದಕ್ಕೇ.

ಲೈಪೋಸಕ್ಷನ್ ಎಂಬುದು ಗವಸಿನಲ್ಲಿ ಸಣ್ಣ ತೂತು ಮಾಡಿ ಒಳಗಿನ ಹತ್ತಿಯನ್ನು ಎಳೆದುಹಾಕುವ ಕೆಲಸ. ಟಮ್ಮಿ ಟಕ್, ವೈದ್ಯರ ಭಾಷೆಯಲ್ಲಿ ಅಬ್ಡಾಮಿನೋಪ್ಲಾಸ್ಟಿ, ಗವಸಿನ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ, ಅಗತ್ಯವಿದ್ದರೆ ನುಲಿಯನ್ನು ಬಿಗಿದು, ಮತ್ತೆ ಹೊಲಿಯುವ ಕೆಲಸ. ಕೆಳಗಿರುವ ಚೀಲಗಳನ್ನು ಇವೆರಡರಲ್ಲಿ ಯಾವುದೂ ಮುಟ್ಟುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಮೂಗಿನಿಂದ ಆರಂಭವಾದ ವಿದ್ಯೆ

ದೇಹದ ಒಂದು ಭಾಗದ ಚರ್ಮವನ್ನು ಸರಿಸಿ ಇನ್ನೊಂದು ಭಾಗವನ್ನು ರೂಪಿಸುವ ವಿದ್ಯೆಗೆ ಪ್ಲಾಸ್ಟಿಕ್ ಸರ್ಜರಿ ಎಂದು ಹೆಸರು. ಇದಕ್ಕೂ ನಾವು ದಿನವೂ ಬಳಸುವ ಪ್ಲಾಸ್ಟಿಕ್ಕಿಗೂ ಸಂಬಂಧವಿಲ್ಲ. ರೂಪ ಕೊಡುವುದು ಎಂಬರ್ಥದ ಗ್ರೀಕ್ ಮಾತಿನಿಂದ ಈ ಹೆಸರು ಬಂದಿದೆ.

ಈ ವಿದ್ಯೆಯ ಆಧುನಿಕ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವುಂಟು. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕ. 1792ರಲ್ಲಿ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಸುಮಾರು ಒಂದು ವರ್ಷದ ನಂತರ ಪುಣೆಯ ಬಳಿ ಸ್ಥಳೀಯ ಕಸುಬುದಾರನೊಬ್ಬ ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಮಾಡುವ ಕ್ರಮವಿದೆ. ಅಂಥದೇ ವಿದ್ಯೆ ಮನೆತನದಿಂದ ಮನೆತನಕ್ಕೆ ಉಳಿದುಬಂದಿತ್ತು. ಇದರ ವಿವರ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜಿನ್' ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ತಿಳಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಬಗೆಯ ಶಸ್ತ್ರಕ್ರಿಯೆ ಮಾಡಿ, 1816ರಲ್ಲಿ ಪುಸ್ತಕ ಬರೆದ. ಯುರೋಪಿನಲ್ಲಿ ಈ ವಿದ್ಯೆ ಮತ್ತೆ ಚಿಗುರಿದ್ದು ಹೀಗೆ.

ಇಲ್ಲಿ ಒಂದನ್ನು ಗಮನಿಸಿ. ಕಾವಸ್ಜಿ ಚೆಲುವನಾಗಲು ಶಸ್ತ್ರಕ್ರಿಯೆ ಮಾಡಿಸಿಕೊಂಡವನಲ್ಲ, ಕಳೆದುಕೊಂಡದ್ದನ್ನು ಪಡೆದವನು. ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಹೆರಾಲ್ಡ್ ಗಿಲ್ಲೀಸ್ ನೀಡಿದ ಚಿಕಿತ್ಸೆಯೂ ಅಂಥದೇ. ಆರೋಗ್ಯವಂತ ದೇಹಕ್ಕೆ ಕತ್ತಿ ಹಾಕಬಹುದೇ ಎಂಬ ಪ್ರಶ್ನೆ ಹುಟ್ಟಿದ್ದು ಆಮೇಲೆ.

ಅರಿವಳಿಕೆಯ ಪಾಠ — ಹೈದರಾಬಾದಿನಲ್ಲಿ

ಕಾವಸ್ಜಿಯ ಹಣೆಯನ್ನು ಕೊಯ್ದಾಗ ಅವನಿಗೆ ಪೂರ್ತಿ ಎಚ್ಚರವಿತ್ತು. ಅರಿವಳಿಕೆಯಿಲ್ಲದೆ ಯಾರೂ ಬಯಸಿ ಹೊಟ್ಟೆ ಕೊಯ್ಯಿಸಿಕೊಳ್ಳಲಾರರು. ಸುರಪುರ ಸಂಸ್ಥಾನದ ಆಡಳಿತವನ್ನು ಮೆಡೋಸ್ ಟೇಲರ್ ನೋಡಿಕೊಳ್ಳುತ್ತಿದ್ದ ಕಾಲದಲ್ಲೇ, 1846ರ ಅಕ್ಟೋಬರ್ 16ರಂದು, ಅಮೆರಿಕದ ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಮಾಡಿದ ಶಸ್ತ್ರಕ್ರಿಯೆಯನ್ನು ಸಾರ್ವಜನಿಕವಾಗಿ ತೋರಿಸಲಾಯಿತು. ಮರುವರ್ಷ ಎಡಿನ್‌ಬರೊದಲ್ಲಿ ಸಿಂಪ್ಸನ್ ಕ್ಲೋರೋಫಾರ್ಮ್ ಬಳಸಿದ. ನೋವು ಹೋಯಿತು, ಆದರೆ ಕೆಲವರು ಮೇಜಿನ ಮೇಲೆಯೇ ಸತ್ತರು. ಏಕೆ?

ಈ ಪ್ರಶ್ನೆಗೆ ಉತ್ತರ ಹುಡುಕಿದ ಜಾಗ ನಮಗೆ ಹತ್ತಿರದ್ದು. 1857–58ರ ಹೋರಾಟದಲ್ಲಿ ರಾಜಾ ವೆಂಕಟಪ್ಪ ನಾಯಕ ಪತನ ಹೊಂದಿದ ಮೇಲೆ, 1860ರ ಒಪ್ಪಂದದಂತೆ ಸುರಪುರ ನಿಜಾಮನ ರಾಜ್ಯಕ್ಕೆ ಸೇರಿತು. ಆ ರಾಜ್ಯದ ರಾಜಧಾನಿಯಲ್ಲಿ, ಹೈದರಾಬಾದ್ ವೈದ್ಯಶಾಲೆಯ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಲಾರಿಯ ಮುಂದಾಳುತನದಲ್ಲಿ, ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಧನಸಹಾಯದಿಂದ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಎರಡನೆಯದಕ್ಕೆ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯ ಪರವಾಗಿ ಲಾಡರ್ ಬ್ರಂಟನ್ ಬಂದಿದ್ದರು. ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಆಯೋಗ ಹೇಳಿದ್ದು ಇಷ್ಟು: ಮೊದಲು ನಿಲ್ಲುವುದು ಉಸಿರು, ಆದ್ದರಿಂದ ಉಸಿರನ್ನೇ ನೋಡಿಕೊಳ್ಳಿ, ನಾಡಿಯ ಚಿಂತೆ ಬೇಡ.

ತೀರ್ಮಾನದ ಅರ್ಧ ಸರಿ, ಅರ್ಧ ತಪ್ಪು. 1911ರಲ್ಲಿ ಗುಡ್‌ಮನ್ ಲೆವಿ ಎಂಬ ವೈದ್ಯ, ಕ್ಲೋರೋಫಾರ್ಮ್ ಹಗುರವಾಗಿ ಕೊಟ್ಟಿರುವಾಗ ಅಡ್ರಿನಲಿನ್ ಸೇರಿದರೆ ಹೃದಯವೇ ಲಯ ತಪ್ಪಿ ನಿಲ್ಲಬಹುದೆಂದು ತೋರಿಸಿದ. ಉಸಿರೂ ಮುಖ್ಯ, ನಾಡಿಯೂ ಮುಖ್ಯ. ಇಂದು ಶಸ್ತ್ರಕ್ರಿಯೆಯ ಕೋಣೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕ, ಹೃದಯದ ಗೆರೆ ತೋರಿಸುವ ಪರದೆ, ಅವುಗಳ ಪಕ್ಕದಲ್ಲೇ ಕುಳಿತಿರುವ ಅರಿವಳಿಕೆ ತಜ್ಞ, ಇವೆಲ್ಲ ಇಂಥ ಪಾಠಗಳ ಫಲ. ಇವುಗಳಿಲ್ಲದ ಕೋಣೆಯಲ್ಲಿ "ಸಣ್ಣ ಆಪರೇಶನ್" ಎಂಬುದು ಇಲ್ಲ.

ಬಿಗಿಯುವ ಶಸ್ತ್ರಕ್ರಿಯೆ

ಎರಡರಲ್ಲಿ ಹಿರಿಯದು ಟಮ್ಮಿ ಟಕ್. 1899ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಹೊವರ್ಡ್ ಕೆಲ್ಲಿ ಎಂಬ ಸ್ತ್ರೀರೋಗ ತಜ್ಞ ಮಹಿಳೆಯೊಬ್ಬಳ ಜೋತುಬಿದ್ದ ಹೊಟ್ಟೆಯಿಂದ ಅಡ್ಡವಾಗಿ ಕೊಯ್ದು ತೆಗೆದ ಚರ್ಮ ಮತ್ತು ಕೊಬ್ಬಿನ ತುಂಡು 90 ಸೆಂ.ಮೀ. ಉದ್ದ, 31 ಸೆಂ.ಮೀ. ಅಗಲವಿತ್ತು, ತೂಕ 7 ಕಿಲೋ 450 ಗ್ರಾಂ. ಏಳೂವರೆ ಕಿಲೋ ಭಾರವನ್ನು ಹಗಲಿರುಳು ನಡುವಿಗೆ ಕಟ್ಟಿಕೊಂಡು ಓಡಾಡುವುದನ್ನು ಊಹಿಸಿ. ನಡೆಯುವುದು ಕಷ್ಟ, ಚರ್ಮದ ಮಡಿಕೆಯಲ್ಲಿ ಬೆವರು ನಿಂತು ಹುಣ್ಣಾಗುತ್ತದೆ. ಆಗಿನ ಶಸ್ತ್ರಕ್ರಿಯೆಯ ಉದ್ದೇಶ ಈ ಕಷ್ಟವನ್ನು ಕಳೆಯುವುದಾಗಿತ್ತು.

ಆರಂಭದ ದಿನಗಳಲ್ಲಿ ಚರ್ಮದೊಡನೆ ಹೊಕ್ಕುಳೂ ಹೋಗಿಬಿಡುತ್ತಿತ್ತು. ಹೊಕ್ಕುಳಿಲ್ಲದ ಹೊಟ್ಟೆ ನೋಡಲು ವಿಚಿತ್ರ. 1957ರಲ್ಲಿ ವರ್ನನ್ ಎಂಬ ವೈದ್ಯ, ಹೊಕ್ಕುಳನ್ನು ಅದರ ಬುಡದಲ್ಲಿಯೇ ಉಳಿಸಿಕೊಂಡು, ಮೇಲಿನ ಚರ್ಮವನ್ನು ಕೆಳಗೆಳೆದ ಬಳಿಕ ಹೊಸ ತೂತಿನಿಂದ ಹೊರತರುವ ಕ್ರಮವನ್ನು ವಿವರಿಸಿದ. 1967ರಲ್ಲಿ ಬ್ರೆಜಿಲ್‌ನ ಇವೋ ಪಿಟಾಂಗಿ 300 ಶಸ್ತ್ರಕ್ರಿಯೆಗಳ ಅನುಭವವನ್ನು ಪ್ರಕಟಿಸಿದರು. ಸಮುದ್ರತೀರದ ಉಡುಪುಗಳ ಕಾಲ ಬಂದಾಗ, 1970ರ ದಶಕದಲ್ಲಿ, ಕೊಯ್ತದ ಗೆರೆ ಉಡುಪಿನೊಳಗೆ ಮರೆಯಾಗುವಷ್ಟು ಕೆಳಗಿಳಿಯಿತು. ಕಷ್ಟ ಕಳೆಯಲು ಹುಟ್ಟಿದ ಶಸ್ತ್ರಕ್ರಿಯೆ ಸೌಂದರ್ಯದ ಕಡೆಗೆ ತಿರುಗಿದ್ದು ಈ ಹಂತದಲ್ಲಿ.

ಈಗಿನ ಪೂರ್ಣ ಶಸ್ತ್ರಕ್ರಿಯೆ ಹೀಗೆ ನಡೆಯುತ್ತದೆ. ರೋಗಿಗೆ ಪೂರ್ತಿ ಅರಿವಳಿಕೆ. ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕಿಬ್ಬೊಟ್ಟೆಯಲ್ಲಿ ಅಡ್ಡ ಕೊಯ್ತ. ಚರ್ಮ ಮತ್ತು ಕೊಬ್ಬನ್ನು ಸ್ನಾಯುವಿನಿಂದ ಪಕ್ಕೆಲುಬಿನವರೆಗೆ ಬಿಡಿಸುತ್ತಾರೆ. ದೂರವಾದ ಸ್ನಾಯುಗಳನ್ನು ಗಟ್ಟಿ ದಾರದಿಂದ ನಡುಗೆರೆಗೆ ತಂದು ಹೊಲಿಯುತ್ತಾರೆ. ಮಿಕ್ಕ ಚರ್ಮವನ್ನು ಕತ್ತರಿಸಿ ಮುಚ್ಚುತ್ತಾರೆ. ಒಳಗೆ ನೀರು ಸೇರದಂತೆ ಕೆಲವು ದಿನ ಕೊಳವೆ ಇಡುವುದುಂಟು. ಇದು ಎರಡರಿಂದ ನಾಲ್ಕು ಗಂಟೆಯ ಕೆಲಸ. ಸಾಮಾನ್ಯ ಕೆಲಸಕ್ಕೆ ಮರಳಲು ಎರಡರಿಂದ ನಾಲ್ಕು ವಾರ ಬೇಕು. ಭಾರ ಎತ್ತಲು ಆರು ವಾರ. ಸೊಂಟದಿಂದ ಸೊಂಟದವರೆಗಿನ ಗುರುತು ಕಾಲಕ್ರಮದಲ್ಲಿ ಮಸುಕಾಗುತ್ತದೆಯೇ ಹೊರತು ಅಳಿಯುವುದಿಲ್ಲ.

ನಮ್ಮ ಅಜ್ಜಿಯಂದಿರು ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆಯನ್ನು ಬಿಗಿಯಾಗಿ ಸುತ್ತುತ್ತಿದ್ದರು. ಸಡಿಲವಾದ ನುಲಿಗೆ ಹೊರಗಿನಿಂದ ಆಸರೆ ಕೊಡುವ ಯತ್ನ ಅದು. ಅದರಿಂದ ಕೊಬ್ಬು ಕರಗದು, ಹೆಚ್ಚಾದ ಚರ್ಮವೂ ಹೋಗದು. ಆದರೆ ಹೆರಿಗೆಯ ನಂತರದ ಹೊಟ್ಟೆಯಲ್ಲಿ ಸ್ನಾಯುವಿನ ಪಾಲೂ ಇದೆ ಎಂಬುದನ್ನು ಅವರು ತಮ್ಮ ರೀತಿಯಲ್ಲಿ ಕಂಡುಕೊಂಡಿದ್ದರು ಎನ್ನಬಹುದು.

ಹೀರುವ ಶಸ್ತ್ರಕ್ರಿಯೆ

ಉದ್ದನೆಯ ಗುರುತಿಲ್ಲದೆ ಕೊಬ್ಬು ತೆಗೆಯಲಾಗದೇ? ಈ ಆಸೆಗೆ ಮೊದಲ ಬೆಲೆ ತೆತ್ತವಳು ಪ್ಯಾರಿಸ್ಸಿನ ಒಬ್ಬ ನರ್ತಕಿ. 1920ರ ದಶಕದಲ್ಲಿ ಷಾರ್ಲ್ ದುಜಾರಿಯೆ ಎಂಬ ಶಸ್ತ್ರವೈದ್ಯ ಗರ್ಭಕೋಶ ಕೆರೆಯುವ ಉಪಕರಣವನ್ನು ಬಳಸಿ ಅವಳ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋದ. ರಕ್ತನಾಳಕ್ಕೆ ಏಟು ಬಿತ್ತು. ಕಾಲು ಕೊಳೆಯಿತು, ಕತ್ತರಿಸಬೇಕಾಯಿತು. ಕುಣಿಯುವವಳ ಕಾಲು! ಅನಂತರ ಸುಮಾರು ಅರ್ಧ ಶತಮಾನ ಈ ದಾರಿ ಹಿಡಿಯಲು ವೈದ್ಯರು ಹಿಂಜರಿದರು.

1970ರ ದಶಕದ ಮಧ್ಯದಲ್ಲಿ ರೋಮಿನ ಅರ್ಪಾದ್ ಮತ್ತು ಜಾರ್ಜೊ ಫಿಷರ್ ಎಂಬ ತಂದೆ–ಮಗ ಟೊಳ್ಳು ಕೊಳವೆಯಿಂದ ಕೊಬ್ಬನ್ನು ಹೀರುವ ಯಂತ್ರವನ್ನು ರೂಪಿಸಿದರು. ಅದರ ಕೊಳವೆಯೊಳಗೆ ಹರಿತವಾದ ಅಲಗು ಇತ್ತು, ರಕ್ತಸ್ರಾವ ಹೆಚ್ಚುತ್ತಿತ್ತು. 1977ರಲ್ಲಿ ಪ್ಯಾರಿಸ್ಸಿನ ಈವ್ ಜೆರಾರ್ ಇಲ್ಲೂಸ್, ರೋಗಿಯೊಬ್ಬರ ಬೆನ್ನಿನ ಮೇಲಿನ ಕೊಬ್ಬಿನ ಗಡ್ಡೆಯನ್ನು ದೊಡ್ಡ ಗುರುತಾಗದಂತೆ ತೆಗೆಯಬೇಕಾಗಿ ಬಂದಾಗ, ಮೊಂಡು ತುದಿಯ ಕೊಳವೆಯನ್ನು ಬಳಸಿದರು. ಬದಲಾವಣೆ ಸಣ್ಣದು, ಪರಿಣಾಮ ದೊಡ್ಡದು. ಮೊಂಡು ತುದಿ ಮೃದುವಾದ ಕೊಬ್ಬನ್ನು ಒಡೆಯುತ್ತದೆ. ಗಟ್ಟಿಯಾದ ರಕ್ತನಾಳ, ನರಗಳು ಬಹುಮಟ್ಟಿಗೆ ಪಕ್ಕಕ್ಕೆ ಸರಿದುಕೊಳ್ಳುತ್ತವೆ. 1982ರಲ್ಲಿ ಈ ವಿಧಾನ ಅಮೆರಿಕದ ವೈದ್ಯರ ಮುಂದೆ ಬಂತು.

ಆದರೂ ರಕ್ತದ ಸಮಸ್ಯೆ ಉಳಿಯಿತು. ಒಣ ವಿಧಾನದಲ್ಲಿ ಹೀರಿ ತೆಗೆದದ್ದರಲ್ಲಿ ಶೇ. 20ರಿಂದ 45ರವರೆಗೆ ರಕ್ತವೇ ಇರುತ್ತಿತ್ತು. ಇದನ್ನು ಬಗೆಹರಿಸಿದವರು ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್. 1987ರಲ್ಲಿ ಪ್ರಕಟವಾದ ಅವರ ವಿಧಾನವನ್ನು ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಮೆಚ್ಚುವಿರಿ. ಉಪ್ಪುನೀರಿನ ದ್ರಾವಣದಲ್ಲಿ ಅತಿ ಸ್ವಲ್ಪ ಲಿಡೋಕೇನ್, ಸುಮಾರು ಹತ್ತು ಲಕ್ಷಕ್ಕೆ ಒಂದು ಪಾಲು ಅಡ್ರಿನಲಿನ್ ಬೆರೆಸಿ, ಕೊಬ್ಬಿನ ಪದರ ಉಬ್ಬಿ ಗಟ್ಟಿಯಾಗುವವರೆಗೆ ತುಂಬುವುದು. ಲಿಡೋಕೇನ್ ನೋವನ್ನು ತಡೆಯುತ್ತದೆ. ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ರಕ್ತದ ಪಾಲು ಶೇ. 1ರ ಆಸುಪಾಸಿಗೆ ಇಳಿಯಿತು. ಲೆವಿ ಎಚ್ಚರಿಸಿದ್ದ ಅದೇ ಅಡ್ರಿನಲಿನ್ ಇಲ್ಲಿ ಅಳತೆಯಲ್ಲಿ ಬಳಸಿದ್ದರಿಂದ ಮಿತ್ರನಾಯಿತು. ಅಳತೆ ಮೀರಿದರೆ ಲಿಡೋಕೇನ್ ಕೂಡ ವಿಷವೇ. ಮಿದುಳಿಗೂ ಹೃದಯಕ್ಕೂ ತಟ್ಟುತ್ತದೆ. ಕ್ಲೈನ್ 1990ರಲ್ಲಿ ದೇಹತೂಕದ ಪ್ರತಿ ಕಿಲೋಗೆ 35 ಮಿಲಿಗ್ರಾಂ ಎಂಬ ಮಿತಿಯನ್ನು ಹೇಳಿದರು.

ಗುರುತು ಚಿಕ್ಕದು, ಮನೆಗೆ ಬೇಗ ಮರಳಬಹುದು. ಈ ಕಾರಣಕ್ಕೆ ಲೈಪೋಸಕ್ಷನ್ ಜಗತ್ತಿನಲ್ಲಿ ವೇಗವಾಗಿ ಹರಡಿತು. 2023ರಲ್ಲಿ ಜಗತ್ತಿನಾದ್ಯಂತ 22 ಲಕ್ಷಕ್ಕೂ ಹೆಚ್ಚು ನಡೆದವೆಂದು ಸೌಂದರ್ಯ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘದ ಅಂದಾಜು. ಟಮ್ಮಿ ಟಕ್ 10 ಲಕ್ಷಕ್ಕೂ ಹೆಚ್ಚು.

ಅಂಕಿಗಳು ಹೇಳಿದ ಸತ್ಯ

ಜನಪ್ರಿಯತೆ ಒಂದು, ಸುರಕ್ಷತೆ ಇನ್ನೊಂದು. ಅಮೆರಿಕದಲ್ಲಿ 1994ರಿಂದ 1998ರವರೆಗೆ ನಡೆದ 4,96,245 ಲೈಪೋಸಕ್ಷನ್‌ಗಳ ಸಮೀಕ್ಷೆಯನ್ನು ಗ್ರೇಜರ್ ಮತ್ತು ಡಿ ಯಾಂಗ್ 2000ನೇ ಇಸವಿಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ 95 ಮಂದಿ ಸತ್ತಿದ್ದರು. ಅಂದರೆ ಸುಮಾರು 5,000ಕ್ಕೆ ಒಬ್ಬರು. ಮೊದಲ ಕಾರಣ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಹರಿದುಹೋಗಿ ಶ್ವಾಸಕೋಶದ ನಾಳವನ್ನು ಮುಚ್ಚುವುದು. ಮುಂದಿನ ವರ್ಷಗಳಲ್ಲಿ ವೈದ್ಯರು ಒಂದೇ ಬಾರಿಗೆ ತೆಗೆಯುವ ಪ್ರಮಾಣದ ಬಗ್ಗೆ ಎಚ್ಚರ ವಹಿಸತೊಡಗಿದರು; 5 ಲೀಟರ್ ಮೀರಿದರೆ ಅದನ್ನು ದೊಡ್ಡ ಪ್ರಮಾಣವೆಂದು ಎಣಿಸಿ ಆಸ್ಪತ್ರೆಯಲ್ಲಿಯೇ ಉಳಿಸಿಕೊಳ್ಳುವುದು ರೂಢಿಗೆ ಬಂತು. ಟಮ್ಮಿ ಟಕ್‌ನಲ್ಲಿಯೂ ರಕ್ತ ಹೆಪ್ಪುಗಟ್ಟುವ ಭಯವಿದೆ. ಅದಕ್ಕೇ ಶಸ್ತ್ರಕ್ರಿಯೆಯಾದ ದಿನವೋ ಮರುದಿನವೋ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕನ್ನಡ ಕಿರುತೆರೆಯ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಗೆ ಒಳಗಾದ ದಿನವೇ ತೀರಿಕೊಂಡರು. ಆ ಸುದ್ದಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಟೆಲಿವಿಷನ್ನಿನಲ್ಲಿ ದುಡಿಯುವ ನನ್ನಂಥವರನ್ನು ಅದು ಬಹಳ ಕಾಡಿತು. ಕ್ಯಾಮೆರಾದ ಮುಂದೆ ನಿಲ್ಲುವ ಹುಡುಗಿಯರ ಮೈಯನ್ನು ಹೀಗೇ ಇರಬೇಕೆಂದು ಅಳೆಯುವವರು ನಾವು, ನೋಡುವವರು ನೀವು. ಆ ಅಳತೆ ಪರದೆಯಿಂದ ಇಳಿದು ಮನೆಯ ಕನ್ನಡಿಗೆ ಬರುತ್ತದೆ.

ಹಾಗಾದರೆ ಅಪಾಯ ದಾಟಿದವರಿಗೆ ಆರೋಗ್ಯವಾದರೂ ಲಭಿಸುತ್ತದೆಯೇ? 2004ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕ್ಲೈನ್ ಮತ್ತು ಸಂಗಡಿಗರು 15 ಸ್ಥೂಲಕಾಯದ ಮಹಿಳೆಯರ ಅಧ್ಯಯನ ನಡೆಸಿದರು. ಒಬ್ಬೊಬ್ಬರಿಂದ ಸುಮಾರು 10 ಕಿಲೋ ಕೊಬ್ಬು ತೆಗೆದಿದ್ದರು. ಎರಡೂವರೆ, ಮೂರು ತಿಂಗಳ ನಂತರ ನೋಡಿದರೆ ಇನ್ಸುಲಿನ್ ಕೆಲಸ ಮಾಡುವ ಬಗೆ, ರಕ್ತದೊತ್ತಡ, ಕೊಲೆಸ್ಟರಾಲ್ ಯಾವುದೂ ಸುಧಾರಿಸಿರಲಿಲ್ಲ. ಊಟ ಮತ್ತು ನಡಿಗೆಯಿಂದ ಅಷ್ಟೇ ಕೊಬ್ಬು ಇಳಿದಿದ್ದರೆ ಇವೆಲ್ಲ ಸುಧಾರಿಸುತ್ತಿದ್ದವು. ಏಕೆಂದರೆ ಆಗ ಹೊರಸಿನ ಕೆಳಗಿನ ಚೀಲಗಳೂ ಖಾಲಿಯಾಗುತ್ತವೆ, ಉಳಿದ ಕೊಬ್ಬಿನ ಕೋಶಗಳೂ ಕುಗ್ಗುತ್ತವೆ.

ತೆಗೆದ ಕೊಬ್ಬು ತಿರುಗಿ ಬರುತ್ತದೆಯೇ ಎಂಬುದು ಮತ್ತೊಂದು ಪ್ರಶ್ನೆ. ಸ್ವೀಡನ್ನಿನಲ್ಲಿ 2008ರಲ್ಲಿ ಒಂದು ಸೊಗಸಾದ ಪ್ರಯೋಗ ಪ್ರಕಟವಾಯಿತು. 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣ ಸೇರಿದ್ದ ಕಾರ್ಬನ್-14ನ್ನು ಕೊಬ್ಬಿನ ಕೋಶಗಳ ಡಿ.ಎನ್.ಎ.ಯಲ್ಲಿ ಅಳೆದು ಕೋಶಗಳ ವಯಸ್ಸನ್ನು ಕಂಡುಹಿಡಿದರು. ಕೊಬ್ಬಿನ ಕೋಶಗಳ ಸಂಖ್ಯೆ ಬಾಲ್ಯ ಮತ್ತು ಹದಿಹರೆಯದಲ್ಲಿ ನಿಶ್ಚಯವಾಗುತ್ತದೆ, ಪ್ರತಿವರ್ಷ ಶೇ. 10ರಷ್ಟು ಸತ್ತು ಅಷ್ಟೇ ಹುಟ್ಟುತ್ತವೆ ಎಂದು ತಿಳಿಯಿತು. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ತೊಡೆ ಮತ್ತು ಕೆಳಹೊಟ್ಟೆಯಿಂದ ಕೊಬ್ಬು ತೆಗೆಸಿಕೊಂಡ ಮಹಿಳೆಯರಲ್ಲಿ ಒಂದು ವರ್ಷದೊಳಗೆ ಅಷ್ಟೂ ಕೊಬ್ಬು ಮರಳಿತ್ತು; ಹೆಚ್ಚಾಗಿ ಮೇಲುಹೊಟ್ಟೆ, ಹೆಗಲು, ತೋಳುಗಳಲ್ಲಿ. ದೇಹ ತನ್ನ ಲೆಕ್ಕವನ್ನು ಮರೆಯುವುದಿಲ್ಲ.

ನಮ್ಮ ನೆಲದ ಹೊಟ್ಟೆ

ಈಗ ನಮ್ಮ ಊರಿಗೆ ಬರೋಣ. 2009ರ ಕೊನೆಯಲ್ಲಿ ಗುಲ್ಬರ್ಗದಿಂದ ಬೇರ್ಪಟ್ಟ ಯಾದಗಿರಿ ಜಿಲ್ಲೆಯಲ್ಲಿ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಊಟದ ಕೊರತೆಯ ಜಿಲ್ಲೆಯಲ್ಲಿ ಹೊಟ್ಟೆ ಕರಗಿಸುವ ಮಾತೇಕೆ ಎಂದು ನೀವು ಕೇಳಬಹುದು. ಇವೆರಡೂ ಒಂದೇ ಕಥೆಯ ಎರಡು ತುದಿಗಳು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ತನ್ನಲ್ಲಿ ಹುಟ್ಟಿದ ಶಿಶುಗಳ ತೂಕವನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿತ್ತು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದಯದ ಕಾಯಿಲೆಯಿತ್ತು, 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ಶೇ. 3. ಬಡಕಲು ಹುಟ್ಟು ದೊಡ್ಡವರಾದ ಮೇಲೂ ಬೆನ್ನು ಬಿಡುವುದಿಲ್ಲ.

ಪುಣೆಯ ಡಾ. ಯಾಜ್ಞಿಕ್ ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸಿದರು. 2004ರಲ್ಲಿ ಅವರೂ ಇಂಗ್ಲೆಂಡಿನ ಡಾ. ಯುಡ್ಕಿನ್ ಅವರೂ ತಮ್ಮನ್ನೇ ಅಳೆದುಕೊಂಡು ಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಲ್ಲೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರಲ್ಲಿ ಶೇ. 21.2! ಕೈಕಾಲು ಸಣ್ಣ, ಹೊಟ್ಟೆ ಮುಂದೆ. ಈ ಮೈಕಟ್ಟು ನಮ್ಮ ಬಸ್ ನಿಲ್ದಾಣಗಳಲ್ಲಿ ದಿನವೂ ಕಾಣುತ್ತದೆ. ಇದು ಹೊರಸಿನ ಕೆಳಗೆ ಚೀಲ ತುಂಬಿದ ಹೊಟ್ಟೆ.

ಬದುಕಿನ ಬಗೆಯೂ ಬದಲಾಗಿದೆ. 1980ರ ದಶಕದಿಂದ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದು ಸುರಪುರ, ಶಹಾಪುರದ ಹೊಲಗಳಲ್ಲಿ ಭತ್ತ ನಿಂತಿತು. ಜೋಳದ ರೊಟ್ಟಿಯ ಜಾಗಕ್ಕೆ ಅನೇಕ ಮನೆಗಳಲ್ಲಿ ಅನ್ನ ಬಂತು, ನಡೆದು ಹೋಗುತ್ತಿದ್ದ ದಾರಿಗೆ ಮೋಟಾರ್ ಸೈಕಲ್ ಬಂತು. ಅದೇ ಸಮೀಕ್ಷೆಯ ಅಂಕಿಗಳನ್ನು ಆಧರಿಸಿದ ಒಂದು ವಿಶ್ಲೇಷಣೆಯಂತೆ ದೇಶದ ಮಹಿಳೆಯರಲ್ಲಿ ಶೇ. 40, ಪುರುಷರಲ್ಲಿ ಶೇ. 12 ಮಂದಿಗೆ ಹೊಟ್ಟೆಯ ಬೊಜ್ಜು ಇದೆ. ನೀವೂ ಒಂದು ಟೇಪು ಹಿಡಿದು ನೋಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳೆದಾಗ, ವಯಸ್ಕ ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಎಚ್ಚರ ಬೇಕು.

ಆಯ್ಕೆ ಹೇಗೆ?

ಇಷ್ಟು ತಿಳಿದ ಮೇಲೆ ಮೊದಲಿನ ಪ್ರಶ್ನೆಗೆ ಉತ್ತರವನ್ನು ನೀವೇ ಹೇಳಬಲ್ಲಿರಿ.

ತೂಕ ಹೆಚ್ಚುಕಡಿಮೆ ಸರಿಯಿದ್ದು, ಚರ್ಮ ಬಿಗಿಯಾಗಿದ್ದು, ಒಂದು ಕಡೆ ಮಾತ್ರ ಕೈಗೆ ಸಿಗುವ ಕೊಬ್ಬು ಹಟ ಹಿಡಿದು ನಿಂತಿದ್ದರೆ ಅಲ್ಲಿ ಲೈಪೋಸಕ್ಷನ್‌ಗೆ ಅರ್ಥವಿದೆ. ಚರ್ಮ ಸಡಿಲವಾಗಿದ್ದವರಿಗೆ ಕೊಬ್ಬು ಮಾತ್ರ ಹೀರಿದರೆ ಹತ್ತಿ ತೆಗೆದ ಗವಸಿನಂತೆ ಚರ್ಮ ಇನ್ನಷ್ಟು ಜೋಲುತ್ತದೆ. ಹೆರಿಗೆಗಳ ನಂತರ ಚರ್ಮ ಜೋತು ಸ್ನಾಯು ಅಗಲಿದವರಿಗೆ, ಬಹಳ ತೂಕ ಇಳಿಸಿಕೊಂಡು ಚರ್ಮ ಉಳಿದವರಿಗೆ ಟಮ್ಮಿ ಟಕ್ ಹೊಂದುತ್ತದೆ. 2025ರಲ್ಲಿ ಟಿರ್ಜೆಪಟೈಡ್ ಮತ್ತು ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದ ಮೇಲೆ ಇಂಥವರ ಸಂಖ್ಯೆ ಹೆಚ್ಚಬಹುದು. ಆದರೆ ಮುಂದೆ ಮಕ್ಕಳು ಬೇಕೆನ್ನುವವರು ಕಾಯುವುದು ಲೇಸು. ಬಿಗಿದ ನುಲಿ ಮುಂದಿನ ಗರ್ಭಕ್ಕೆ ಮತ್ತೆ ಸಡಿಲವಾಗುತ್ತದೆ. ಬೀಡಿ, ಸಿಗರೇಟು ಸೇದುವವರು ವಾರಗಳ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಬಿಡಿಸಿದ ಚರ್ಮಕ್ಕೆ ರಕ್ತ ಸಾಲದೆ ಅದು ಸಾಯಬಹುದು. ಕೆಲವರಿಗೆ ಎರಡೂ ಶಸ್ತ್ರಕ್ರಿಯೆಗಳನ್ನು ಸೇರಿಸಿ ಮಾಡುತ್ತಾರೆ.

ಮುಟ್ಟಿದರೆ ಗಟ್ಟಿಯಾಗಿ ಮುಂದೆ ಚಾಚಿದ, ಬೆರಳಿಗೆ ಸಿಗದ ಹೊಟ್ಟೆಗೆ ಎರಡೂ ಮದ್ದಲ್ಲ. ಅದಕ್ಕೆ ಊಟ, ನಡಿಗೆ, ನಿದ್ದೆ, ಅಗತ್ಯವಿದ್ದರೆ ವೈದ್ಯರ ಔಷಧ ಬೇಕು. ಹೊಟ್ಟೆ ಇದ್ದಕ್ಕಿದ್ದಂತೆ ದೊಡ್ಡದಾದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಪರೀಕ್ಷಿಸಿಕೊಳ್ಳಿ. ಅದು ಅಂಡಾಶಯದ ಗಡ್ಡೆಯಿರಬಹುದು, ಹೊಟ್ಟೆಯಲ್ಲಿ ನೀರು ತುಂಬಿರಬಹುದು, ಹರ್ನಿಯಾ ಇರಬಹುದು. 2022–23ರಲ್ಲಿ ಯಾದಗಿರಿಯಲ್ಲಿಯೇ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಗಿದೆ. ಇಂಥ ಪರೀಕ್ಷೆಗೆ ದೂರ ಹೋಗುವ ಅಗತ್ಯ ಕಡಿಮೆಯಾಗಿದೆ.

ಖರ್ಚಿನ ಮಾತನ್ನೂ ಹೇಳಬೇಕು. ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಕ್ರಿಯೆ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಸೇರಿಲ್ಲ. ಸಾಲ ಮಾಡಿ, ಒಡವೆ ಅಡವಿಟ್ಟು ಮಾಡಿಸಿಕೊಳ್ಳುವಂಥದ್ದಲ್ಲ ಇದು. ಅಗ್ಗವೆಂದು ಯಾವುದೋ ಬ್ಯೂಟಿ ಕ್ಲಿನಿಕ್‌ಗೆ ಹೋಗುವಂಥದ್ದಂತೂ ಅಲ್ಲವೇ ಅಲ್ಲ.

ಮನೆಯಲ್ಲಿ ಯಾರಾದರೂ ಈ ದಾರಿಯಲ್ಲಿ ಹೊರಟಿದ್ದರೆ, ಓದಿದವರಾದ ನೀವು ಅವರ ಜೊತೆಗೆ ಹೋಗಿ ಕೆಲವು ಪ್ರಶ್ನೆ ಕೇಳಿ. ಶಸ್ತ್ರಕ್ರಿಯೆ ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಪದವಿ ಪಡೆದವರೇ, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿದೆಯೇ? 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ಆ ಜಾಗ ನೋಂದಣಿಯಾಗಿದೆಯೇ? ಅರಿವಳಿಕೆ ತಜ್ಞರು ಕೊನೆಯವರೆಗೂ ಇರುತ್ತಾರೆಯೇ? ರಾತ್ರಿ ಉಸಿರಾಟದ ತೊಂದರೆಯಾದರೆ ತೀವ್ರ ನಿಗಾ ಘಟಕ ಅಲ್ಲೇ ಇದೆಯೇ? ಎಷ್ಟು ಲೀಟರ್ ತೆಗೆಯುತ್ತಾರೆ? ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳುತ್ತಾರೆಯೇ? ಈ ಪ್ರಶ್ನೆಗಳಿಗೆ ಬೇಸರಿಸುವ ಕಡೆ ಮೈ ಒಪ್ಪಿಸಬೇಡಿ.

ಇನ್ನು ನಿಮ್ಮ ಬಗ್ಗೆ ಒಂದು ಮಾತು. ನಿಮ್ಮ ವಯಸ್ಸಿನಲ್ಲಿ ದೇಹ ಇನ್ನೂ ಬೆಳೆಯುತ್ತಿದೆ. ಕೊಬ್ಬಿನ ಕೋಶಗಳ ಸಂಖ್ಯೆ ನಿಶ್ಚಯವಾಗುವುದೂ ಈ ವಯಸ್ಸಿನಲ್ಲೇ ಎಂಬುದನ್ನು ಮೇಲೆ ನೋಡಿದಿರಿ. ಆದ್ದರಿಂದ ಆಟದ ಮೈದಾನ, ಹಸಿದಾಗ ಹೊಟ್ಟೆ ತುಂಬ ಒಳ್ಳೆಯ ಊಟ, ಮುಂದೆ ತಾಯಿಯಾಗುವ ಅಕ್ಕ–ತಂಗಿಯರ ತಟ್ಟೆಯಲ್ಲಿ ಬೇಳೆ, ಸೊಪ್ಪು, ಮೊಟ್ಟೆ, ಹಾಲು, ಇವು ಮುಂದಿನ ಮೂವತ್ತು ವರ್ಷಗಳ ಚಿಕಿತ್ಸೆ. ಮೈಸೂರಿನ ಆ ಹಳೆಯ ದಾಖಲೆ ಪುಸ್ತಕ ಹೇಳುವುದೂ ಅದನ್ನೇ: ಯಾದಗಿರಿಯಲ್ಲಿ ಮುಂದಿನ ವರ್ಷ ಹುಟ್ಟುವ ಮಗುವಿನ ತೂಕ, 2075ರಲ್ಲಿ ಆತನ ಹೃದಯ ಹೇಗಿರುತ್ತದೆ ಎಂಬುದರ ಮೇಲೆ ಪ್ರಭಾವ ಬೀರಲಿದೆ. ಶಸ್ತ್ರವೈದ್ಯನ ಕತ್ತಿಗೆ ಅದರದೇ ಆದ ಗೌರವದ ಸ್ಥಾನವಿದೆ. ಆದರೆ ಆ ಕೆಲಸ ಅಡಿಗೆಮನೆಯಿಂದ, ಅಂಗನವಾಡಿಯಿಂದ ಆಗಬೇಕಾದದ್ದು.